ಕೆಂಚು ಕೂದಲಿಗೆ ರಫೂ

ಕೆಂಚಿಗೆ ಆ ಹೆಸರನ್ನು ಹಿರಿಯರು ಯಾರೂ ಇಟ್ಟದ್ದಲ್ಲ, ಅವಳ ತಲೆಯೇ ತಂದುಕೊಂಡದ್ದು. ಹಿರಿಯರು ಇಟ್ಟ ಹೆಸರೂ ಒಂದಿತ್ತು. ಅದು ಶಾಲೆಯ ಹಾಜರಿ ಪುಸ್ತಕದಲ್ಲಿ ಹತ್ತು ವರ್ಷ ಇದ್ದು, ಮದುವೆಯ ಕಾಗದದಲ್ಲಿ ಒಂದು ದಿನ ಮುಖ ತೋರಿಸಿ, ಆಮೇಲೆ ಯಾರ ಬಾಯಿಗೂ ಬರದೆ ಹೋಯಿತು. ಅಪ್ಪನ ಕೂದಲು ಕಪ್ಪು, ಅಮ್ಮನದು ಕಪ್ಪು, ಅಕ್ಕನದಂತೂ ದೃಷ್ಟಿ ತಾಗುವಷ್ಟು ಕಪ್ಪು. ಅಂಥ ಮನೆಯಲ್ಲಿ ಇವಳೊಬ್ಬಳು ನಾರಿನ ಹಗ್ಗದ ಬಣ್ಣದ ತಲೆ ಹೊತ್ತುಕೊಂಡು ಹುಟ್ಟಿದಳು. ಬಿಸಿಲಿಗೆ ಬಂದರೆ ಹಗ್ಗಕ್ಕೆ ಅಲ್ಲಲ್ಲಿ ತಾಮ್ರದ ತಂತಿ ಸೇರಿಸಿ ಹೊಸೆದ ಹಾಗೆ ಕಾಣುತ್ತಿತ್ತು.

ಅಮ್ಮ ಎಣ್ಣೆ ಹಚ್ಚಿದಳು. ಎಣ್ಣೆ ಹಚ್ಚಿದ ಕೆಂಚು ಕೂದಲು ಎಣ್ಣೆ ಹಚ್ಚಿದ ಕೆಂಚು ಕೂದಲಾಯಿತು, ಅಷ್ಟೇ. ಐದನೆಯ ತರಗತಿಯಲ್ಲಿ ಡ್ರಿಲ್ ಮೇಷ್ಟ್ರಿಗೆ ಈ ಹುಡುಗಿ ಬಣ್ಣ ಬಳಿದುಕೊಂಡು ಬರುತ್ತಿದ್ದಾಳೆಂದು ಅನುಮಾನ ಹುಟ್ಟಿ, ನಲ್ಲಿಯ ಕೆಳಗೆ ತಲೆ ಹಿಡಿಸಿದರು. ನೀರು ತಿಳಿಯಾಗಿಯೇ ಹರಿಯಿತು. "ಒಣಗ್ಲಿ, ಆಮೇಲೆ ನೋಡೋಣ" ಎಂದರು. ಒಣಗಿದ ಮೇಲೆ ಇನ್ನೂ ಹೆಚ್ಚು ಹೊಳೆಯಿತು. ಮೇಷ್ಟ್ರಾದವರು ಏನಾದರೊಂದು ಹೇಳಲೇಬೇಕಲ್ಲ. "ನಾಳೆಯಿಂದ ಹೀಗೆ ಬರಬೇಡ" ಎಂದರು.

"ಮತ್ತೆ ಯಾರ ತಲೆ ತಗೊಂಡು ಬರ್ಲಿ ಸಾರ್?"

ಆ ಪ್ರಶ್ನೆಗೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ ಸಿಕ್ಕಿತು. ಬೆಂಚಿನ ಮೇಲೆ ನಿಂತದ್ದರಿಂದ ಆ ತಲೆ ಇಡೀ ತರಗತಿಗೆ ಇನ್ನಷ್ಟು ಚೆನ್ನಾಗಿ ಕಾಣಿಸಿತು.

ಮುಂದೆ ಅವಳು ಹಿಡಿದ ಕಸುಬು ಬಣ್ಣದ್ದೇ. ದೊಡ್ಡ ರಸ್ತೆಯ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ರಫೂ ಕೆಲಸ. ಕೋಟಿಗೆ ನುಸಿ ಹಿಡಿದು ತೂತಾದರೆ, ಸಿಗರೇಟಿನ ಕಿಡಿ ಬಿದ್ದು ಸುಟ್ಟರೆ, ಮೊಳೆಗೆ ಸಿಕ್ಕಿ ಶಾಲು ಹರಿದರೆ, ಹಾಸುನೂಲಿಗೆ ಹಾಸು, ಹೊಕ್ಕುನೂಲಿಗೆ ಹೊಕ್ಕು ಸೇರಿಸಿ ನೇಯ್ದು, ಅಲ್ಲಿ ಏನೂ ಆಗಿರಲೇ ಇಲ್ಲವೆಂಬಂತೆ ಮಾಡಿಕೊಡುವುದು. ಅವಳ ಕೆಲಸ ಚೆನ್ನಾಗಿದ್ದಷ್ಟೂ ಯಾರ ಕಣ್ಣಿಗೂ ಬೀಳುವುದಿಲ್ಲ. ಹೊಗಳಿಕೆಗೆ ಹಾತೊರೆಯುವ ನಮ್ಮಂಥವರು ವಾರಕ್ಕೇ ಬಿಟ್ಟು ಓಡುವ ಕಸುಬು. ಕೆಂಚಿ ಹತ್ತೊಂಬತ್ತು ವರ್ಷ ಮಾಡಿದ್ದಳು. ಅದರಲ್ಲಿ ಮೂರು ಕಟ್ಟಳೆಗಳಿದ್ದವು. ನೂಲನ್ನು ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆದುಕೊಳ್ಳಬೇಕು. ಒಂದೇ ಬಣ್ಣದ ನೂಲಿನಿಂದ ಮುಚ್ಚಬಾರದು, ಮುಚ್ಚಿದರೆ ತೇಪೆ ಎದ್ದು ಕಾಣುತ್ತದೆ. ಮತ್ತು ಏನೇ ಆದರೂ ದೀಪದ ಬೆಳಕಿನಲ್ಲಿ ಬಣ್ಣ ಹೊಂದಿಸಬಾರದು.

ಈ ಮೂರನೆಯದಕ್ಕಾಗಿಯೇ ಅವಳ ಮೇಜು ಅಂಗಡಿಯ ಮುಂದಿನ ದೊಡ್ಡ ಗಾಜಿನ ಕಿಟಕಿಯ ಬಳಿ ಇತ್ತು. ಹಿಂದಿನ ಕೋಣೆಯಲ್ಲಿ ಟ್ಯೂಬ್‌ಲೈಟ್. ಅದರ ಕೆಳಗೆ ಕಂದು ಯಾವುದು, ಕಡುಗೆಂಪು ಯಾವುದು, ಬೂದಿ ಯಾವುದು ಎಂದು ಬ್ರಹ್ಮನೂ ಹೇಳಲಾರ.

ನಲವತ್ತೊಂಬತ್ತಕ್ಕೆ ಬೈತಲೆಯಲ್ಲಿ ನರೆ ಕಾಣಿಸಿತು. ಐವತ್ತೆರಡಾಗುವ ಹೊತ್ತಿಗೆ ಬೈತಲೆಯ ಎರಡೂ ಬದಿ, ಕಿವಿಯ ಮೇಲೆರಡು ಗೊಂಚಲು, ಬಿಳಿ ತನ್ನ ಸಂಸಾರ ಹೂಡಿತು. ಹೆಚ್ಚು ಸಂತೋಷಪಟ್ಟವಳು ಅಕ್ಕ.

"ಏ ಕೆಂಚಿ, ಈಗ್ಲಾದ್ರೂ ಒಳ್ಳೇ ಕಾಲ ಬಂತು ನೋಡು. ಹೇಗೂ ಬಣ್ಣ ಹಾಕ್ಲೇಬೇಕು, ಒಂದೇ ಸಲ ಕಪ್ಪು ಮಾಡಿಸ್ಕೊಂಬಿಡು. ನಮ್ಮೆಲ್ಲರ ಹಾಗೆ ಕಾಣ್ತೀಯ."

"ಐವತ್ತೆರಡು ವರ್ಷ ಆದ್ಮೇಲೆ ನಿಮ್ಮ ಹಾಗೆ ಕಂಡು ನಾನೇನು ಮಾಡ್ಲಿ ಅಕ್ಕ?"

"ಅಯ್ಯೋ, ಒಳ್ಳೇದಕ್ಕೆ ಹೇಳಿದ್ರೆ ಮೈಮೇಲೆ ಬರ್ತಾಳೆ!"

ಕೆಂಚಿಯ ಗಂಡ ಬೀಗ ರಿಪೇರಿಯವನು. ಅವನ ತಲೆಯ ಮೇಲೆ ಮುಚ್ಚುವುದಕ್ಕಾಗಲಿ ತೆರೆಯುವುದಕ್ಕಾಗಲಿ ಏನೂ ಉಳಿದಿರಲಿಲ್ಲವಾದ್ದರಿಂದ ಅವನು ಈ ವಿಷಯದಲ್ಲಿ ದೊಡ್ಡ ವೇದಾಂತಿ. "ಬಿಟ್ಬಿಡೇ. ಬಿಳಿ ಬಂದ್ರೆ ಬರ್ಲಿ. ಬಂದಿದ್ದನ್ನ ಬಂದ ಹಾಗೆ ಸ್ವೀಕರಿಸಬೇಕು" ಎಂದ.

"ರೀ, ಈ ಬಣ್ಣಕ್ಕೆ ನಾನು ಮನೇಲಿ ಬೈಸಿಕೊಂಡಿದ್ದೀನಿ, ಶಾಲೇಲಿ ಬೈಸಿಕೊಂಡಿದ್ದೀನಿ, ನಿಮ್ಮಮ್ಮನ ಹತ್ರ ಹದಿನಾಲ್ಕು ವರ್ಷ ಬೈಸಿಕೊಂಡಿದ್ದೀನಿ. ಅಷ್ಟು ಬೈಸಿಕೊಂಡು ಉಳಿಸಿಕೊಂಡಿದ್ದನ್ನ, ಯಾವುದೋ ಬಿಳಿ ಬಂತು ಅಂತ ಸುಮ್ನೆ ಬಿಟ್ಟುಕೊಡ್ತೀನಾ? ಕಪ್ಪಿಗೂ ಕೊಡಲ್ಲ, ಬಿಳಿಗೂ ಕೊಡಲ್ಲ."

ಬೀಗದವನು ಬಾಯಿಗೆ ಬೀಗ ಹಾಕಿಕೊಂಡ.

ಮೊದಲು ಅವಳು ಖರ್ಚಿಲ್ಲದ ದಾರಿಗಳನ್ನು ಹಿಡಿದಳು. ನೇರ ಬೈತಲೆಯನ್ನು ಬಿಟ್ಟು ಬಾಚಣಿಗೆಯ ಬಾಲದಿಂದ ಹಾವು ಹರಿದ ಹಾಗೆ ಅಂಕುಡೊಂಕಾಗಿ ತೆಗೆದಳು. ಗೆರೆ ಮುರಿದರೆ ಬಿಳಿಯೂ ಚೂರುಚೂರಾಗಿ ಕಾಣುತ್ತದೆ, ಪಟ್ಟಿಯಾಗಿ ಕಾಣುವುದಿಲ್ಲ. ಕಿವಿಯ ಮೇಲಿನ ಗೊಂಚಲಿಗೆ ಒಳಗಿನ ಕೂದಲನ್ನು ಎಳೆದು ಹೊದಿಸಿ ಪಿನ್ ಹಾಕಿದಳು. ಆರೇಳು ತಿಂಗಳು ಇದು ನಡೆಯಿತು. ಫ್ಯಾನಿನ ಗಾಳಿ ಬೀಸಿದಾಗ ಮಾತ್ರ ಗುಟ್ಟು ರಟ್ಟಾಗುತ್ತಿತ್ತು.

ಹೀಗಿರುವಾಗ ಅಂಗಡಿಗೆ ಹೊಸ ಮ್ಯಾನೇಜರ್ ಬಂದರು. ವಯಸ್ಸು ನಲವತ್ತರೊಳಗೆ, ತಲೆ ಕಡುಗಪ್ಪು, ಬೂಟು ಅದಕ್ಕಿಂತ ಕಪ್ಪು. ಬಂದ ವಾರವೇ ಗೋಡೆಗೆ ಒಂದು ಹಾಳೆ ಅಂಟಿಸಿದರು. ಒಂದು: ಸಿಬ್ಬಂದಿಯ ಉಡುಪು ಶುಭ್ರವಾಗಿರಬೇಕು. ಎರಡು: ಉಗುರುಗಳು. (ಉಗುರುಗಳಿಗೆ ಏನಾಗಬೇಕೆಂದು ಬರೆಯಲು ಮರೆತಿದ್ದರು.) ಮೂರು: ಗಿರಾಕಿಗಳಿಗೆ ಕಾಣುವ ಜಾಗದಲ್ಲಿ ಕೂರುವವರ ತಲೆಯಲ್ಲಿ ನರೆ ಕಾಣಬಾರದು, ಕೂದಲು ಸ್ವಾಭಾವಿಕ ಬಣ್ಣದಲ್ಲಿರಬೇಕು.

ಇಸ್ತ್ರಿಯವನು ಜೋರಾಗಿ ಓದಿ, "ಸಾರ್, ನರೆ ಸ್ವಾಭಾವಿಕ ಅಲ್ವಾ?" ಎಂದು ಕೇಳಿದ.

"ನೀವು ಹಿಂದೆ ಕೂರೋರು, ನಿಮಗೆ ಅನ್ವಯಿಸಲ್ಲ" ಎಂದರು ಮ್ಯಾನೇಜರ್. ಆಮೇಲೆ ಕೆಂಚಿಯ ಕಡೆ ತಿರುಗಿ, ದನಿ ತಗ್ಗಿಸಿ, "ನೋಡಿಯಮ್ಮ, ನಿಮ್ಮ ಕೆಲಸದ ಬಗ್ಗೆ ಎರಡು ಮಾತಿಲ್ಲ. ಆದ್ರೆ ಕಿಟಕೀಲಿ ಮೊದ್ಲು ಕಾಣೋದೇ ನೀವು. ಹದಿನೈದು ದಿನ ಟೈಮ್ ತಗೊಳ್ಳಿ. ನೀಟಾಗಿ ಕಪ್ಪು ಮಾಡಿಸ್ಕೊಳ್ಳಿ. ಇಲ್ಲಾಂದ್ರೆ ಮೇಜನ್ನ ಹಿಂದಿನ ರೂಮಿಗೆ ಹಾಕಿಸ್ತೀನಿ. ಅಲ್ಲೂ ಲೈಟಿದೆಯಲ್ಲ" ಎಂದರು.

ಲೈಟಿದೆ ಎಂಬ ಆ ಒಂದು ಮಾತು ಕೆಂಚಿಯ ಎದೆಗೆ ನಾಟಿತು. ಹಿಂದಿನ ಕೋಣೆಗೆ ಹೋದರೆ ಸಂಬಳ ಅಷ್ಟೇ ಬರಬಹುದು; ರಫೂ ಹೋಗುತ್ತದೆ. ಮೊದಲ ತಿಂಗಳು ಕಂದು ಕೋಟಿಗೆ ಕಡುಗೆಂಪು ನೂಲು ಬೀಳುತ್ತದೆ, ಎರಡನೆಯ ತಿಂಗಳು ಗಿರಾಕಿ ದೂರುತ್ತಾನೆ, ಮೂರನೆಯ ತಿಂಗಳು ಅವಳ ಕೈಗೆ ಗುಂಡಿ ಹೊಲಿಯುವ ಕೆಲಸ ಬರುತ್ತದೆ. ಕೈ ಪಳಗಿರುವುದು ಕಣ್ಣನ್ನು ನೆಚ್ಚಿಕೊಂಡು, ಕಣ್ಣು ಇರುವುದು ಕಿಟಕಿಯನ್ನು ನೆಚ್ಚಿಕೊಂಡು.

"ಸರಿ ಸಾರ್" ಎಂದಳು. ಯಾವುದು ಸರಿ ಎಂದು ಹೇಳಲಿಲ್ಲ.

ಮನೆಯಲ್ಲಿ ಪ್ರಯೋಗ ಶುರುವಾಯಿತು. ಬಾಚಣಿಗೆಗೆ ಸಿಕ್ಕಿದ ಬಿಳಿ ಕೂದಲನ್ನೆಲ್ಲ ಕೂಡಿಟ್ಟು, ಹತ್ತು ಹತ್ತು ಎಳೆಗೆ ಒಂದು ಗಂಟು ಹಾಕಿ, ಒಂದನ್ನು ಟೀ ಡಿಕಾಕ್ಷನ್ನಿನಲ್ಲಿ, ಒಂದನ್ನು ಈರುಳ್ಳಿ ಸಿಪ್ಪೆಯ ನೀರಿನಲ್ಲಿ, ಒಂದನ್ನು ಮೆಹಂದಿಯಲ್ಲಿ ಅರ್ಧ ಗಂಟೆ, ಇನ್ನೊಂದನ್ನು ಎರಡು ಗಂಟೆ ನೆನೆಹಾಕಿದಳು. ಒಣಗಿಸಿ, ರಟ್ಟಿಗೆ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ನಂಬರು ಬರೆದಳು. ಟೀ ಬಣ್ಣ ಚೆನ್ನಾಗಿತ್ತು, ಒಂದು ಸಲ ತೊಳೆದರೆ ಮಂಗಮಾಯ. ಈರುಳ್ಳಿಯದು ಕಾಮಾಲೆ. ಮೆಹಂದಿ ಅರ್ಧ ಗಂಟೆಗೆ ಕಿತ್ತಳೆ, ಎರಡು ಗಂಟೆಗೆ ಬೆಂಕಿ.

ಮೂರನೆಯ ದಿನ ಬೆಳಗ್ಗೆ ಗಂಡ ಲೋಟ ಹಿಡಿದುಕೊಂಡು ಬಂದ. "ಲೇ, ಟೀಲಿ ಕೂದ್ಲು."

"ಯಾವ ಬಣ್ಣ?"

"ಟೀ ಬಣ್ಣ."

"ಹಾಗಾದ್ರೆ ಒಂದನೇ ನಂಬರಿನದು. ಎಸೀಬೇಡಿ, ಕೊಡಿ ಇಲ್ಲಿ."

ಅಡುಗೆಮನೆಯಿಂದ ಆಗುವ ಕೆಲಸ ಇದಲ್ಲವೆಂದು ತಿಳಿದು, ಎರಡನೆಯ ಶನಿವಾರ ಸಂಜೆ ಕೆಲಸ ಮುಗಿಸಿ ಕೆಂಚಿ ಪಾರ್ಲರಿಗೆ ಹೋದಳು. ಪಾರ್ಲರಿನವಳು ಚುರುಕು ಹೆಂಗಸು. ಮಾತಾಡುವಾಗಲೂ ಕತ್ತರಿ ಆಡಿಸುತ್ತಿರುತ್ತಾಳೆ.

"ಮೇಡಂ, ನ್ಯಾಚುರಲ್ ಬ್ಲ್ಯಾಕ್ ಇದೆ, ನ್ಯಾಚುರಲ್ ಬ್ರೌನ್ ಇದೆ, ಯಾವುದು ಹಾಕ್ಲಿ?"

"ನಂದು ನ್ಯಾಚುರಲ್ ಕೆಂಚು."

"ಆ ನಂಬರ್ ಬರಲ್ಲ ಮೇಡಂ."

"ಬಂದಿದೆಯಲ್ಲ ನನ್ನ ತಲೆ ಮೇಲೆ. ಹೊಂದ್ಸಿ."

ಪಾರ್ಲರಿನವಳು ಬಣ್ಣದ ಪಟ್ಟಿ ತಂದಳು. ಕನ್ನಡಿಯ ಸುತ್ತ ಎಂಟು ಹಳದಿ ಬಲ್ಬುಗಳು ಉರಿಯುತ್ತಿದ್ದವು. ಕೆಂಚಿ ತನ್ನ ಜಡೆಯ ತುದಿಯನ್ನು ಪಟ್ಟಿಗೆ ಹಿಡಿದು, ಹಿಡಿದು, ಕೊನೆಗೆ ಒಂದನ್ನು ಬೆರಳಿಟ್ಟು ತೋರಿಸಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಬೈತಲೆಗೂ ಕಿವಿಯ ಮೇಲಕ್ಕೂ ಬಣ್ಣ ಬಿತ್ತು. ಕನ್ನಡಿಯಲ್ಲಿ ಇಪ್ಪತ್ತೈದರ ಕೆಂಚಿ ಕೂತಿದ್ದಳು. ಮನೆಗೆ ಹೋಗುವ ದಾರಿಯಲ್ಲಿ ಅವಳು ಎರಡು ಸಲ ಸುಮ್ಮಸುಮ್ಮನೆ ನಕ್ಕಳು.

ಭಾನುವಾರ ಬೆಳಗ್ಗೆ ಗಂಡ ಬಾಗಿಲು ತೆರೆದು ಬೆಳಕು ಒಳಗೆ ಬಿಟ್ಟ. ಅವಳ ಕಡೆ ನೋಡಿದ. ಒಮ್ಮೆ ಕೆಮ್ಮಿದ.

"ಏನು?"

"ಏನಿಲ್ಲ. ಚೆನ್ನಾಗೇ ಇದೆ. ಮನೆ ಕಟ್ಟೋಕೆ ತರ್ತಾರಲ್ಲ, ಇಟ್ಟಿಗೆ... ಒಳ್ಳೇ ಇಟ್ಟಿಗೆ."

ಕೆಂಚಿ ಕೈಗನ್ನಡಿ ಹಿಡಿದು ಅಂಗಳಕ್ಕೆ ಓಡಿದಳು. ಮಾತು ಸುಳ್ಳಲ್ಲ. ಹಗ್ಗದ ಮೇಲೆ ಇಟ್ಟಿಗೆಯ ಪಟ್ಟೆ. ಹತ್ತೊಂಬತ್ತು ವರ್ಷ ಒಂದು ಕರ್ಚೀಫಿನ ಅಂಚನ್ನೂ ದೀಪದ ಬೆಳಕಿನಲ್ಲಿ ಹೊಂದಿಸದವಳು, ತನ್ನ ತಲೆಯನ್ನು ಎಂಟು ಬಲ್ಬಿನ ಕೆಳಗೆ ಹೊಂದಿಸಿದ್ದಳು! ಬೇರೆ ಯಾರಾದರೂ ಇದನ್ನು ಮಾಡಿದ್ದರೆ ಅವಳು ಅವರ ಕೈಯಿಂದ ಸೂಜಿ ಕಿತ್ತುಕೊಳ್ಳುತ್ತಿದ್ದಳು. ತನ್ನ ಮನೆಗೇ ಕನ್ನ ಹಾಕಿಸಿಕೊಂಡ ಕಳ್ಳನ ಹಾಗೆ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಸ್ವಲ್ಪ ಹೊತ್ತು ತನ್ನನ್ನೇ ಬೈದುಕೊಂಡಳು. ಆಮೇಲೆ ಎದ್ದು, ನೂಲಿನ ಡಬ್ಬಿ ತೆಗೆದು, ಕತ್ತಿನ ಹಿಂದಿನ ಕೂದಲನ್ನು ಮುಂದಕ್ಕೆ ಎಳೆದುಕೊಂಡು ಬಿಸಿಲಿನಲ್ಲಿ ಹಿಡಿದು ನೋಡಿದಳು. ಅಲ್ಲಿಗೆ ನರೆ ಇನ್ನೂ ಹೆಜ್ಜೆ ಇಟ್ಟಿರಲಿಲ್ಲ. ಅದೇ ಒಳಮಡಿಕೆ! ಅದಕ್ಕೆ ಹೊಂದುವ ನೂಲು ಒಂದಲ್ಲ, ಮೂರು ಸಿಕ್ಕಿದವು: ಒಂದು ಹಳೆಯ ಉಣ್ಣೆಯ ಕೋಟಿನದು, ಒಂದು ಶಾಲಿನದು, ಒಂದು ಮಗುವಿನ ಟೊಪ್ಪಿಯದು.

ಹತ್ತು ಗಂಟೆಗೆ ಪಾರ್ಲರಿನ ಮುಂದೆ ನಿಂತಿದ್ದಳು.

"ಕುರ್ಚಿ ಹೊರಗೆ ತನ್ನಿ."

"ಹೊರಗಾ? ರಸ್ತೇಲಾ? ಅಕ್ಕಾ, ಜನ ಓಡಾಡ್ತಾರೆ!"

"ಓಡಾಡ್ಲಿ. ಬೆಳಕು ಅಲ್ಲಿದೆ."

ಮಾತಿಗೆ ಮಾತು ಬೆಳೆದು ಕೊನೆಗೆ ಕುರ್ಚಿ ಬಾಗಿಲಿನ ಹೊಸ್ತಿಲವರೆಗೆ ಬಂತು. ಕೆಂಚಿ ಮೂರು ನೂಲುಗಳನ್ನು ಮೊಣಕಾಲಿನ ಮೇಲೆ ಸಾಲಾಗಿ ಇಟ್ಟುಕೊಂಡಳು. "ನೋಡಿ, ಈ ಮೂರು ಬಣ್ಣ ಬೇಕು. ಒಟ್ಟಿಗೆ ಕಲಸಬೇಡಿ. ನಾಲ್ಕು ಎಳೆಗೆ ಇದು, ಬಿಟ್ಟು ಮೂರು ಎಳೆಗೆ ಅದು, ಮಧ್ಯದಲ್ಲಿ ಒಂದೊಂದು ಕಡೆ ಈ ಸ್ವಲ್ಪ ಕಡು ಬಣ್ಣದ್ದು. ಆ ಇಟ್ಟಿಗೆ ಇದೆಯಲ್ಲ, ಅದರ ಮೇಲೂ ಇದನ್ನೇ ಎಳೀರಿ. ಅಲ್ಲಲ್ಲಿ ಒಂದೆರಡು ಬಿಳಿ ಹಾಗೇ ಬಿಟ್ಟುಬಿಡಿ."

"ಬಿಳಿ ಬಿಡೋದಾ? ಮುಚ್ಚೋಕೇ ತಾನೇ ಬಂದಿರೋದು?"

"ಹಳೇ ಕೋಟಿಗೆ ಎಲ್ಲಾ ಹೊಸಾ ನೂಲು ಹಾಕಿದ್ರೆ, ಕಣ್ಣು ನೆಟ್ಟಗೆ ಅಲ್ಲಿಗೇ ಹೋಗುತ್ತೆ. ಸ್ವಲ್ಪ ಸವೆದ ಹಾಗೆ ಕಾಣಬೇಕು."

ಕತ್ತರಿ ಆಡಿಸುವ ಕೈ ಮೊದಲ ಸಲ ಸುಮ್ಮನಾಯಿತು. ಮೂರೂವರೆ ಗಂಟೆ ಹಿಡಿಯಿತು. ದಾರಿಹೋಕರಲ್ಲಿ ಇಬ್ಬರು ನಿಂತು ಸಲಹೆ ಕೊಟ್ಟರು. ಒಬ್ಬರು ಕಪ್ಪನ್ನೇ ಹಾಕಿಸಿ ಎಂದರು. ಕೆಂಚಿ ಅವರಿಗೆ ದಾರಿ ತೋರಿಸಿದಳು. ಮುಗಿದ ಮೇಲೆ ಪಾರ್ಲರಿನವಳು ಹಿಂದಕ್ಕೆ ಸರಿದು, ಕಣ್ಣು ಕಿರಿದು ಮಾಡಿ, "ಅಕ್ಕಾ, ನಾನು ಎಲ್ಲಿ ಹಾಕಿದೆ ಅಂತ ನಂಗೇ ಗೊತ್ತಾಗ್ತಿಲ್ಲ" ಎಂದಳು. ಕೆಂಚಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕಿರಲಿಲ್ಲ.

ಸೋಮವಾರ ಅವಳು ಅಂಗಡಿಗೆ ಬಂದಾಗ ಕಿಟಕಿಯ ಬಳಿ ಮೇಜಿರಲಿಲ್ಲ. ಗಡುವು ಆ ದಿನ ಮುಗಿಯುವುದೆಂದು ಮ್ಯಾನೇಜರ್ ಮುಂಚಿತವಾಗಿಯೇ ಹಿಂದಕ್ಕೆ ಸಾಗಿಸಿದ್ದರು. ನೆಲದಲ್ಲಿ ಮೇಜಿನ ನಾಲ್ಕು ಕಾಲುಗಳ ಗುರುತು ಉಳಿದಿತ್ತು.

ಮ್ಯಾನೇಜರ್ ಅವಳ ತಲೆಯನ್ನು ಸುತ್ತು ಹಾಕಿ ನೋಡಿದರು. "ಇದೇನಮ್ಮ? ಏನೂ ಮಾಡಿಸಿಯೇ ಇಲ್ವಲ್ಲ?"

"ನರೆ ಕಾಣ್ತಿದೆಯಾ ಸಾರ್?"

"ಇಲ್ಲ... ಆದ್ರೆ ಕಪ್ಪಗಿಲ್ಲ."

"ಹಾಳೇಲಿ ಕಪ್ಪು ಅಂತ ಎಲ್ಲಿದೆ? ಸ್ವಾಭಾವಿಕ ಬಣ್ಣ ಅಂತ ಇದೆ. ಇದು ನಂದು." ಅವಳು ತಿರುಗಿ ನಿಂತು ಜಡೆಯನ್ನು ಮೇಲಕ್ಕೆತ್ತಿ ಕತ್ತಿನ ಹಿಂಭಾಗ ತೋರಿಸಿದಳು. "ಬೇಕಾದ್ರೆ ಒಳಮಡಿಕೆ ನೋಡ್ಕೊಳ್ಳಿ."

ಇಸ್ತ್ರಿಯವನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಬಂದು ನೋಡಿದ. "ಒಂದೇ ತಾನಿನ ಬಟ್ಟೆ ಸಾರ್" ಎಂದು ತೀರ್ಪು ಕೊಟ್ಟ.

"ಸ್ವಾಭಾವಿಕ ಅಂದ್ರೆ ಎಲ್ಲರ ಹಾಗೆ ಅಂತ ಅರ್ಥ" ಎಂದರು ಮ್ಯಾನೇಜರ್. "ನಿಯಮ ನಿಯಮವೇ. ಮೇಜು ಒಳಗಿದೆ, ಹೋಗಿ ಕೂತ್ಕೊಳ್ಳಿ."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಪಿಟೀಲು ನುಡಿಸುವವರೊಬ್ಬರು ಬಂದರು. ಕೈಯಲ್ಲೊಂದು ಕಡುಗೆಂಪು ಕೋಟು. ಎದೆಯ ಮೇಲೆ ಹುರುಳಿಕಾಳಿನಷ್ಟು ಸುಟ್ಟ ತೂತು. ಸಂಜೆ ಆರಕ್ಕೆ ಸಂಗೀತ ಕಚೇರಿ, ಇರುವುದು ಇದೊಂದೇ ಕೋಟು. "ನಾಲ್ಕಕ್ಕೆ ಕೊಡ್ತೀರಾ?"

"ಕೊಡ್ತಾರೆ ಸಾರ್, ಖಂಡಿತ" ಎಂದರು ಮ್ಯಾನೇಜರ್.

ಕೆಂಚಿ ಕೋಟು ತೆಗೆದುಕೊಂಡಳು. ಹಿಂದಿನ ಕೋಣೆಗೆ ಹೋದಳು. ಟ್ಯೂಬ್‌ಲೈಟಿನ ಕೆಳಗೆ ಕೋಟು ಹಳೆಯ ಚಾಕೊಲೇಟಿನಂತೆ ಕಂಡಿತು. ಅವಳು ಸೂಜಿ, ನೂಲಿನ ಡಬ್ಬಿ, ಒಂದು ಸ್ಟೂಲು ಎತ್ತಿಕೊಂಡು ಬಂದ ದಾರಿಯಲ್ಲೇ ವಾಪಸು ನಡೆದು, ಅಂಗಡಿಯನ್ನು ದಾಟಿ, ಬಾಗಿಲನ್ನು ದಾಟಿ, ಹೊರಗೆ ಮೆಟ್ಟಿಲ ಮೇಲೆ ಸ್ಟೂಲು ಹಾಕಿ ಕೂತಳು. ಕೋಟಿನ ಒಳಮಡಿಕೆ ಬಿಚ್ಚಿ ನೂಲು ಎಳೆಯತೊಡಗಿದಳು.

ಮ್ಯಾನೇಜರ್ ಬಾಗಿಲಿನಿಂದ ತಲೆ ಹಾಕಿದರು. "ಏನಿದು? ಒಳಗೆ ಬನ್ನಿ. ಜನ ನೋಡ್ತಾರೆ."

"ನೋಡ್ಲಿ ಸಾರ್. ಬೆಳಕನ್ನ ನೀವು ಒಳಗೆ ಕರ್ಕೊಂಡ್ ಬಂದ್ರೆ ನಾನೂ ಬರ್ತೀನಿ."

"ಇದು ಅಶಿಸ್ತು!"

"ಅಶಿಸ್ತು ಅಂದ್ರೆ ಕೆಂಪು ಕೋಟಿಗೆ ಕಂದು ನೂಲು ಹಾಕೋದು."

ಪಿಟೀಲಿನವರು ಪಕ್ಕದಲ್ಲೇ ನಿಂತುಬಿಟ್ಟರು. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹತ್ತಿರ ಬಂದರು. ಒಬ್ಬ ಹೆಂಗಸು ತನ್ನ ಶಾಲಿನ ಹರಕು ತೋರಿಸಿ ಇದಕ್ಕೂ ಆಗುತ್ತದೆಯೇ ಎಂದು ಕೇಳಿದಳು. ಮ್ಯಾನೇಜರಿಗೆ ತಡೆಯಲಾಗಲಿಲ್ಲ, ಬಿಸಿಲಿಗೆ ಇಳಿದು ಬಂದು, ಬೆರಳೆತ್ತಿ ಇನ್ನೇನು ಮಾತಾಡಬೇಕು, ಇಸ್ತ್ರಿಯವನು ಬಾಗಿಲಿನಿಂದ ಕೂಗಿದ:

"ಸಾರ್! ನಿಮ್ಮ ತಲೆ ನೇರಳೆ!"

ಎಲ್ಲರೂ ನೋಡಿದರು. ಹೌದು, ನೇರಳೆ. ನೆತ್ತಿಯಲ್ಲಿ ನವಿಲಿನ ನೀಲಿಯ ಛಾಯೆ ಕೂಡ ಇತ್ತು. ಬಸ್ಸಿಗೆ ಕಾಯುತ್ತಿದ್ದವರು ಬೇರೆ ಕಡೆ ತಿರುಗಿ ಹೆಗಲು ಕುಣಿಸಿದರು. ಮ್ಯಾನೇಜರ್ ಕೈಯನ್ನು ತಲೆಯ ಮೇಲಿಟ್ಟುಕೊಂಡರು, ಅಲ್ಲಿ ಏನೋ ಬಂದು ಕೂತಿದೆ ಎಂಬಂತೆ.

ಕೆಂಚಿ ನಗಲಿಲ್ಲ. ಕಸುಬಿನವಳ ಕಣ್ಣಿನಿಂದ ಒಮ್ಮೆ ನೋಡಿ, "ಟ್ಯೂಬ್‌ಲೈಟಲ್ಲಿ ಹೊಂದ್ಸಿದ್ದು" ಎಂದಳು. "ನಿಮ್ಮ ತಪ್ಪಲ್ಲ ಸಾರ್. ನಂದೂ ನಿನ್ನೆ ಬೆಳಗ್ಗೆ ಇಟ್ಟಿಗೆ ಆಗಿತ್ತು." ಮತ್ತೆ ಸೂಜಿಗೆ ಕಣ್ಣು ಕೊಟ್ಟಳು.

ಮ್ಯಾನೇಜರ್ ಒಳಗೆ ಹೋದರು. ಸ್ವಲ್ಪ ಹೊತ್ತು ಯಾರಿಗೂ ಕಾಣಿಸಲಿಲ್ಲ. ಕೈತೊಳೆಯುವ ಕಡೆಯ ಕನ್ನಡಿಯ ಹತ್ತಿರ ನಿಂತಿದ್ದರೆಂದು ಇಸ್ತ್ರಿಯವನು ಆಮೇಲೆ ಎಲ್ಲರಿಗೂ ಹೇಳಿದ.

ಮಧ್ಯಾಹ್ನ ಮೂರಕ್ಕೆ ರಫೂ ಮುಗಿಯಿತು. ಪಿಟೀಲಿನವರು ಕೋಟನ್ನು ಬಿಸಿಲಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ, "ತೂತು ಎಡಗಡೆ ಇತ್ತೋ ಬಲಗಡೆ ಇತ್ತೋ?" ಎಂದರು. ಕೆಂಚಿ ನೂಲಿನ ಡಬ್ಬಿ ಮುಚ್ಚಿದಳು. ಅವರು ಅವಳನ್ನೇ ನೋಡುತ್ತ, "ತಪ್ಪು ತಿಳೀಬೇಡಿ, ನಿಮಗೆ ವಯಸ್ಸೆಷ್ಟಮ್ಮ?" ಎಂದು ಕೇಳಿದರು.

"ಐವತ್ತೆರಡು" ಎಂದಳು, ಬಸ್ ನಿಲ್ದಾಣದವರೆಗೂ ಕೇಳುವ ಹಾಗೆ. "ನರೆ ಮುಚ್ಚಿದ್ದೀನಿ. ವಯಸ್ಸನ್ನ ಯಾರು ಕೇಳಿದ್ರೂ ಹೇಳ್ತೀನಿ."

ಅವಳು ಸ್ಟೂಲು ಎತ್ತಿಕೊಂಡು ಒಳಗೆ ಬಂದಾಗ ಮೇಜು ಹಿಂದಿನ ಕೋಣೆಯಿಂದ ಹೊರಟಿತ್ತು. ಒಂದು ತುದಿ ಇಸ್ತ್ರಿಯವನ ಕೈಯಲ್ಲಿ, ಇನ್ನೊಂದು ತುದಿ ಮ್ಯಾನೇಜರ ಕೈಯಲ್ಲಿ. ಮ್ಯಾನೇಜರ ತಲೆಗೆ ಎಲ್ಲಿಂದಲೋ ಒಂದು ಟೋಪಿ ಬಂದಿತ್ತು. ನೆಲದ ಹಳೆಯ ನಾಲ್ಕು ಗುರುತುಗಳ ಮೇಲೆ ನಾಲ್ಕು ಕಾಲು ಸರಿಯಾಗಿ ಕೂರಿಸಲು ಅವರು ಬಗ್ಗಿದರು.

"ಅಲ್ಲಲ್ಲ" ಎಂದಳು ಕೆಂಚಿ.

"ಮತ್ತೆ ಎಲ್ಲಿ?"

ಹತ್ತೊಂಬತ್ತು ವರ್ಷದಿಂದ ಆ ಮೇಜು ಕಿಟಕಿಗೆ ಒಂದು ಗೇಣು ದೂರವೇ ಇತ್ತು. ಮಧ್ಯಾಹ್ನವಾದರೆ ಎಡಗೈಯ ನೆರಳು ಕೆಲಸದ ಮೇಲೆ ಬೀಳುತ್ತಿತ್ತು. ಸರಿಸಿ ಎಂದು ಹಿಂದಿನ ಮ್ಯಾನೇಜರಿಗೆ ಹೇಳಿ ಹೇಳಿ ಅವಳ ಬಾಯಿ ಸೋತಿತ್ತು. ಹೇಗೂ ಈಗ ಎತ್ತಿದ್ದಾರಲ್ಲ.

"ಇನ್ನೊಂದು ಗೇಣು ಮುಂದಕ್ಕೆ ಸಾರ್, ಗಾಜಿಗೆ ತಾಗೋ ಹಾಗೆ" ಎಂದು ಸೂಜಿಯಿಂದ ತೋರಿಸಿದಳು. ಮ್ಯಾನೇಜರ್ ಟೋಪಿ ಬೀಳದಂತೆ ಒಂದು ಕೈಯಿಂದ ಹಿಡಿದುಕೊಂಡು ಮೇಜನ್ನು ಸರಿಸಿದರು.

"ಇನ್ನೊಂಚೂರು."